ರಾಡಿಗೆ 18, ರಸ್ತೆಗೆ 40? ಫೋರ್ ವೀಲ್ ಡ್ರೈವ್ ಗಾಡಿಯ ಟಯರಿಗೆ ಹವಾ ಎಷ್ಟಿರಬೇಕು

ಪ್ರಶ್ನೆ: ನಮ್ಮದು ಅಣ್ಣಿಗೇರಿ ಹತ್ತಿರದ ಹಳ್ಳಿ. ಫೋರ್ ವೀಲ್ ಡ್ರೈವ್ ಥಾರ್ ಇದೆ. ಕಂಪನಿಯಿಂದ ಬಂದ ಟಯರ್ ಸವೆದ ಮೇಲೆ ಅದೇ ಅಳತೆಯ ಆಲ್ ಟೆರೇನ್ ಟಯರ್ ಹಾಕಿಸಿದ್ದೇನೆ. ಅದರ ಮೇಲೆ ಎಲ್‌ಟಿ 245/75 ಆರ್ 16, 120/116 ಅಂತ ಇದೆ, ಗರಿಷ್ಠ 80 ಪಿಎಸ್‌ಐ ಅಂತಲೂ ಇದೆ (ಪಿಎಸ್‌ಐ ಅಂದರೆ ಹವಾದ ಒತ್ತಡದ ಅಳತೆ). ವಾರಕ್ಕೆ ಮೂರ್ನಾಲ್ಕು ಸಲ ಹುಬ್ಬಳ್ಳಿಗೆ, ಆಗಾಗ ಹಾವೇರಿ, ರಾಣೆಬೆನ್ನೂರು ಕಡೆಗೆ ಹೋಗುತ್ತೇನೆ, ಉಳಿದಂತೆ ಎರಿ (ಕರಿ ಮಣ್ಣಿನ) ಹೊಲದ ದಾರಿಯೇ. ಪಂಕ್ಚರ್ ಅಂಗಡಿಯವರು "40 ಇರಲಿ" ಅಂತಾರೆ. ಬಾಗಿಲ ಬಳಿಯ ಚೀಟಿಯಲ್ಲಿ ಅದಕ್ಕಿಂತ ಕಡಿಮೆ ಇದೆ. ಗೆಳೆಯರೊಬ್ಬರು "ರಾಡಿ ಬಂತಂದ್ರ 18ಕ್ಕ ಇಳಿಸು" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರದ್ದೂ ಒಂದೊಂದು ಸಂದರ್ಭಕ್ಕೆ ಹೊಂದುವ ಮಾತು, ಆದರೆ ಯಾವುದನ್ನೂ ಎಲ್ಲ ಕಡೆಗೂ ಹಚ್ಚುವ ಹಾಗಿಲ್ಲ. ಹವಾ ಎಷ್ಟು ಅನ್ನುವುದು ಗಾಲಿಯ ಮೇಲಿನ ಭಾರ, ಓಡುವ ವೇಗ, ಕೆಳಗಿನ ನೆಲ ಈ ಮೂರನ್ನೂ ಕೇಳಿ ತೀರ್ಮಾನಿಸುವ ಸಂಗತಿ. ಮೊದಲು ಹೆದ್ದಾರಿಗೆ ಬೇಕಾದ ತಣ್ಣನೆಯ ಒತ್ತಡವೊಂದನ್ನು ಗಟ್ಟಿ ಮಾಡಿಕೊಳ್ಳಿ. ಅದನ್ನೇ ಬುಡ ಅಂತ ಇಟ್ಟುಕೊಂಡು ನೆಲಕ್ಕೆ ತಕ್ಕಂತೆ ಇಳಿಸುತ್ತಾ ಹೋಗಿ, ಹವಾ ಇಳಿಸಿದಾಗಲೆಲ್ಲ ವೇಗವನ್ನೂ ಇಳಿಸಿ. ಟಯರ್ ಒಡೆದ ಪ್ರಕರಣಗಳಲ್ಲಿ ಬಹಳಷ್ಟು ಆಗುವುದು ಹವಾ ಇಳಿಸಿದ್ದಕ್ಕಲ್ಲ, ಇಳಿಸಿದ ಮೇಲೂ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಿಸಿದ್ದಕ್ಕೆ.

ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯ ಸಂಖ್ಯೆಯನ್ನು ಗಾಡಿ ತಯಾರಿಸಿದವರು ಆ ಗಾಡಿಯ ಜೊತೆ ಬಂದ ಟಯರಿಗಾಗಿ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಭಾರ ತಡೆಯುವುದಷ್ಟೇ ಅದರ ಲೆಕ್ಕವಲ್ಲ. ತಿರುವಿನಲ್ಲಿ ಗಾಡಿ ವಾಲುವುದು, ಬ್ರೇಕ್ ಹಿಡಿಯುವುದು, ಹೆದ್ದಾರಿಯ ವೇಗದಲ್ಲಿ ಟಯರ್ ಕಾಯುವುದು ಎಲ್ಲ ಅದರಲ್ಲಿ ಸೇರಿದೆ. ನಿಮ್ಮ ತರಹದ ಎತ್ತರದ ಗಾಡಿಗೆ ಇದು ಮುಖ್ಯ. ಹಾಗಾಗಿ ಕಂಪನಿ ಟಯರೇ ಇರುವವರು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ: ಡಾಂಬರು ರಸ್ತೆಗೆ ಚೀಟಿಯಲ್ಲಿದ್ದಷ್ಟು, ಪೂರ್ತಿ ಭಾರ ಇದ್ದಾಗ ಅದೇ ಚೀಟಿಯಲ್ಲಿ ಭಾರಕ್ಕೆ ಕೊಟ್ಟಷ್ಟು.

ನಿಮ್ಮ ವಿಷಯ ಬೇರೆ. ಟಯರಿನ ಅಳತೆ ಅದೇ ಇದ್ದರೂ ಜಾತಿ ಬದಲಾಗಿದೆ. ಎಲ್‌ಟಿ ಅಂದರೆ ಲೈಟ್ ಟ್ರಕ್ ಟಯರ್. ಅದರ ಒಡಲು ದಪ್ಪ, ಪಕ್ಕದ ಗೋಡೆ ಬಿರುಸು, ಹೆಚ್ಚು ಒತ್ತಡದಲ್ಲಿ ಹೆಚ್ಚು ಭಾರ ಹೊರುವುದಕ್ಕೆಂದೇ ಮಾಡಿದ್ದು. 120 ಅನ್ನುವ ಭಾರಸೂಚಿಗೆ 1,400 ಕೆ.ಜಿ. ಅಂತ ಅರ್ಥ, ಆದರೆ ಅದು 80 ಪಿಎಸ್‌ಐ ಇದ್ದಾಗ ಮಾತ್ರ. ಇದೇ ಎಲ್‌ಟಿ ಟಯರ್ 50 ಪಿಎಸ್‌ಐನಲ್ಲಿ ಸುಮಾರು 1,000 ಕೆ.ಜಿ. ಹೊರುತ್ತದೆ, 35ರಲ್ಲಿ ಸುಮಾರು 770. ಇದೇ ಅಳತೆಯ ಸಾಮಾನ್ಯ ಟಯರಿನ ಭಾರಸೂಚಿ 111, ಅಂದರೆ 1,090 ಕೆ.ಜಿ., ಅದೂ ಬರೀ 36 ಪಿಎಸ್‌ಐಗೆ. "ಎಲ್‌ಟಿ ಗಟ್ಟಿ ಟಯರು, ಹವಾ ಸ್ವಲ್ಪ ಕಡಿಮೆ ಇದ್ರೂ ನಡೀತದ" ಅನ್ನುವುದು ನಮ್ಮ ಕಡೆ ಬಹಳ ಜನ ಹೇಳುವ ಮಾತು. ಅದು ತಲೆಕೆಳಗು. ಒಂದೇ ಒತ್ತಡದಲ್ಲಿ ಎಲ್‌ಟಿ ಹೊರುವ ಭಾರ ಸಾಮಾನ್ಯ ಟಯರಿಗಿಂತ ಕಡಿಮೆ. ಕಂಪನಿ ಚೀಟಿಯ ಸಂಖ್ಯೆಯನ್ನು ಹಾಗೇ ಎಲ್‌ಟಿಗೆ ಹಚ್ಚಿ ಭಾರ ಹೇರಿ ಹೆದ್ದಾರಿ ಹಿಡಿದರೆ ದಪ್ಪ ಒಡಲು ಮಡಚಿ ಮಡಚಿ ಒಳಗೇ ಕಾಯುತ್ತದೆ. ಹೊರಗಿನಿಂದ ನೋಡಿದರೆ ಟಯರ್ ಕುಸಿದಂತೆಯೂ ಕಾಣುವುದಿಲ್ಲ, ಬಿರುಸಾದ ಗೋಡೆ ಅದನ್ನು ಮುಚ್ಚಿಡುತ್ತದೆ.

ಹಾಗಂತ 80 ಹೊಡೆಸುವುದಲ್ಲ. ಟಯರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡ ಟಯರಿನ ಮಿತಿ, ನಿಮ್ಮ ಗಾಡಿಗೆ ಕೊಟ್ಟ ಸಲಹೆಯಲ್ಲ. ನಿಮಗೆ ಬೇಕಾಗಿರುವುದು ನಿಮ್ಮ ಆಕ್ಸಲ್ ಮೇಲಿನ ನಿಜವಾದ ಭಾರ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಸುತ್ತ, ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಸುತ್ತ ವೇಬ್ರಿಜ್‌ಗಳಿಗೇನೂ ಬರವಿಲ್ಲ. ನೀವು ದಿನಾ ಓಡಾಡುವಾಗ ಎಷ್ಟು ಜನ, ಎಷ್ಟು ಸಾಮಾನು ಇರುತ್ತದೋ ಅಷ್ಟನ್ನು ಹೇರಿಕೊಂಡು ಹೋಗಿ ಎರಡು ಕಾಟಾ ಮಾಡಿಸಿ: ಒಮ್ಮೆ ಪೂರ್ತಿ ಗಾಡಿ, ಇನ್ನೊಮ್ಮೆ ಹಿಂದಿನ ಗಾಲಿ ಮಾತ್ರ ಕಾಟಾದ ಮೇಲೆ ನಿಲ್ಲಿಸಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮುಂದಿನ ಆಕ್ಸಲ್ ತೂಕ ಸಿಗುತ್ತದೆ. ನಿಮ್ಮ ಗಾಡಿ ನಾಲ್ಕು ಜನ, ಸಾಮಾನು ಸೇರಿ 2,200 ಕೆ.ಜಿ. ಬಂತು, ಹಿಂದಿನ ಆಕ್ಸಲ್ ಮೇಲೆ 1,200 ಬಂತು ಅಂತ ಹಿಡಿಯೋಣ. ಒಂದು ಹಿಂದಿನ ಟಯರಿಗೆ 600 ಕೆ.ಜಿ. ಆಯಿತು. 35 ಪಿಎಸ್‌ಐನಲ್ಲಿ 770 ಹೊರುವ ಟಯರಿಗೆ ಇದು ಭಾರವೇನಲ್ಲ, ಕೈಯಲ್ಲಿ ಸಾಕಷ್ಟು ಉಳಿದಿದೆ. ಇನ್ನೊಂದು ಲೆಕ್ಕವೂ ಇದೆ: ಹಳೇ ಟಯರ್ ಎಷ್ಟು ಹೊರುತ್ತಿತ್ತೋ ಹೊಸದೂ ಅಷ್ಟೇ ಹೊರಬೇಕು ಅಂತ ಕಟ್ಟುನಿಟ್ಟಾಗಿ ಹೋದರೆ 50ರ ಹತ್ತಿರ ಬರುತ್ತದೆ. ಇಷ್ಟು ಹಗುರ ಗಾಡಿಗೆ ಅದು ಅತಿಯಾಗುತ್ತದೆ. ಟಯರಿನ ನಡುಭಾಗ ಮಾತ್ರ ನೆಲ ಹಿಡಿದು ಗಾಡಿ ಪುಟಿಯುತ್ತದೆ, ಹಸಿ ರಸ್ತೆಯಲ್ಲಿ ಬ್ರೇಕಿನ ದೂರ ಹೆಚ್ಚುತ್ತದೆ.

ನನ್ನ ಅಭಿಪ್ರಾಯ: ಇಬ್ಬರು ಮೂವರು ಕೂತು ಓಡಾಡುವಾಗ ನಾಲ್ಕೂ ಗಾಲಿಗೆ ತಣ್ಣಗೆ 36ರಿಂದ ಶುರು ಮಾಡಿ. ಗಾಡಿ ತುಂಬ ಜನ, ಹಿಂದೆ ಗೊಬ್ಬರದ ಚೀಲ ಇದ್ದರೆ ಹಿಂದಿನ ಎರಡಕ್ಕೆ 40. ಅಂದರೆ ಪಂಕ್ಚರ್ ಅಂಗಡಿಯವರ ಮಾತು ನಿಮ್ಮ ಈಗಿನ ಟಯರಿಗೆ, ಭಾರ ಇದ್ದಾಗ, ಹಿಂದಿನ ಗಾಲಿಗೆ ಸರಿಯೇ. ಅದೇ 40ನ್ನು ಕಂಪನಿ ಟಯರಿನ ಖಾಲಿ ಗಾಡಿಗೆ ಹೊಡೆದರೆ ತಪ್ಪು. ಎರಡೂ ಸಂದರ್ಭದಲ್ಲಿ ನಿಮ್ಮ ಚೀಟಿಯ ಸಂಖ್ಯೆಗಿಂತ ಕೆಳಗೆ ಮಾತ್ರ ಡಾಂಬರಿನ ಮೇಲೆ ಹೋಗಬೇಡಿ.

ಆರಂಭದ ಸಂಖ್ಯೆ ಸರಿಯೋ ಇಲ್ಲವೋ ಅಂತ ಟಯರೇ ಹೇಳುತ್ತದೆ. ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ನಾಲ್ಕೂ ಗಾಲಿಯ ಒತ್ತಡ ಬರೆದಿಟ್ಟುಕೊಳ್ಳಿ. ಹುಬ್ಬಳ್ಳಿಯಿಂದ ಹಾವೇರಿಗೆ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು ಒಂದು ತಾಸು ನಿಮ್ಮ ಎಂದಿನ ವೇಗದಲ್ಲಿ ಹೋಗಿ. ಹಾವೇರಿಯಲ್ಲಿ ನೆರಳಿಗೆ ನಿಲ್ಲಿಸಿ, ಚಹಾಕ್ಕೆ ಹೋಗುವ ಮೊದಲೇ, ಐದು ನಿಮಿಷದೊಳಗೆ ಮತ್ತೆ ಅಳೆಯಿರಿ. ಟಯರ್ ಮಡಚಿದಷ್ಟೂ ಕಾಯುತ್ತದೆ, ಕಾದಷ್ಟೂ ಒಳಗಿನ ಒತ್ತಡ ಏರುತ್ತದೆ. ಏರಿಕೆ 4ರ ಆಸುಪಾಸು ಇದ್ದರೆ ತಣ್ಣನೆಯ ಸಂಖ್ಯೆ ಸರಿ ಇದೆ. ಎಲ್‌ಟಿಗೆ 5, 6 ಬಂದರೂ ಗಾಬರಿ ಬೇಡ. 6 ದಾಟಿತೆಂದರೆ ಟಯರ್ ಜಾಸ್ತಿ ಮಡಚುತ್ತಿದೆ: ತಣ್ಣನೆಯ ಒತ್ತಡವನ್ನು 2 ಏರಿಸಿ, ಇನ್ನೊಂದು ದಿನ ಮತ್ತೆ ನೋಡಿ. ಏರಿಕೆ 3 ಕೂಡ ಆಗದಿದ್ದರೆ ಹವಾ ಹೆಚ್ಚಾಗಿದೆ, 2 ಇಳಿಸಬಹುದು. ಇದರಲ್ಲಿ ಬಿಸಿಲಿನ ಪಾಲನ್ನು ಕಳೆಯಬೇಕು. ಹೊರಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಟಯರಿನ ಒತ್ತಡ ಅದಷ್ಟಕ್ಕೇ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬೆಳಗ್ಗೆ 24 ಡಿಗ್ರಿಯಲ್ಲಿ ಅಳೆದು ಮಧ್ಯಾಹ್ನ 34ರಲ್ಲಿ ನೋಡಿದರೆ ಆ ಒಂದೂವರೆ ಟಯರ್ ಮಡಚಿದ್ದರಿಂದ ಬಂದದ್ದಲ್ಲ. ಒಂದೇ ಗಾಲಿ ಮಾತ್ರ ಉಳಿದ ಮೂರಕ್ಕಿಂತ 2, 3 ಹೆಚ್ಚು ಏರಿದ್ದರೆ ಹವಾದ ಲೆಕ್ಕ ಬಿಟ್ಟು ಆ ಗಾಲಿಯ ಬ್ರೇಕ್ ಹಿಡಿದುಕೊಂಡಿದೆಯೇ, ಬೇರಿಂಗ್ ಕಾದಿದೆಯೇ ನೋಡಿಸಿ.

ಏಪ್ರಿಲ್ ಮೇ ಬಿಸಿಲಿನಲ್ಲಿ ಗದಗ ಕಡೆಯಿಂದ ಬಂದವರು "ಒತ್ತಡ ಜಾಸ್ತಿ ತೋರಿಸ್ತದ, ಟಯರ್ ಒಡದೀತು" ಅಂತ ಪಂಪಿನಲ್ಲಿ ಹವಾ ಬಿಡಿಸುವುದನ್ನು ದಿನಾ ನೋಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿ ಟಯರಿನಲ್ಲಿ 36 ಇದ್ದದ್ದು 41 ಆಗುವುದು ಸಹಜ, ಟಯರ್ ಮಾಡುವವರು ಆ ಏರಿಕೆಯನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ತಣ್ಣನೆಯ ಸಂಖ್ಯೆ ಕೊಟ್ಟಿರುತ್ತಾರೆ. ಬಿಸಿ ಇರುವಾಗ 36ಕ್ಕೆ ಇಳಿಸಿದರೆ ಮರುದಿನ ಬೆಳಗ್ಗೆ ಅದು 31 ಆಗಿರುತ್ತದೆ. ಅದೇ ಟಯರ್ ಮರುದಿನ ಮಧ್ಯಾಹ್ನ ಇನ್ನಷ್ಟು ಮಡಚುತ್ತದೆ, ಇನ್ನಷ್ಟು ಕಾಯುತ್ತದೆ. ಬೇಸಿಗೆಯಲ್ಲಿ ಟಯರ್ ಒಡೆಯುವುದಕ್ಕೆ ಕಡಿಮೆ ಹವಾ, ಹೆಚ್ಚು ಭಾರ, ಹೆಚ್ಚು ವೇಗ ಈ ಮೂರೂ ಸೇರಿದ್ದೇ ಮುಖ್ಯ ಕಾರಣ. ಬಿಸಿಲು ಅದರ ಮೇಲೆ ಸೇರಿಕೊಳ್ಳುತ್ತದೆ, ಅಷ್ಟೆ.

ತಣ್ಣಗೆ ಅಂದರೆ ಗಾಡಿ ಕನಿಷ್ಠ ಮೂರು ತಾಸು ನಿಂತಿರಬೇಕು, ಇಲ್ಲವೇ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ನಿಮ್ಮ ಊರಿನಿಂದ ಪೆಟ್ರೋಲ್ ಪಂಪ್ ದೂರ ಇದ್ದರೆ ಹೀಗೆ ಮಾಡಿ: ಮನೆಯಲ್ಲೇ ಬೆಳಗ್ಗೆ ಅಳೆಯಿರಿ. 32 ತೋರಿಸಿತು, ಬೇಕಾಗಿರುವುದು 36, ಕೊರತೆ 4. ಪಂಪ್ ತಲುಪುವಷ್ಟರಲ್ಲಿ ಟಯರ್ ಕಾದು 34 ತೋರಿಸಿದರೆ ಅಲ್ಲಿಂದ 4 ಸೇರಿಸಿ 38ಕ್ಕೆ ನಿಲ್ಲಿಸಿ. ಮರುದಿನ ಬೆಳಗ್ಗೆ ಅದು 36ಕ್ಕೆ ಬಂದಿರುತ್ತದೆ. ಪಂಪಿನ ಯಂತ್ರದ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಡುವುದು ಬೇಡ; ದಿನಕ್ಕೆ ನೂರಾರು ಗಾಡಿ ನೋಡುವ ಯಂತ್ರ 2, 3 ಪಿಎಸ್‌ಐ ಆಚೀಚೆ ಆಗುವುದು ಹೊಸದೇನಲ್ಲ. ಸ್ವಂತ ಗೇಜ್ ಒಂದು ಇರಲಿ, ಯಾವಾಗಲೂ ಅದರಲ್ಲೇ ಅಳೆಯಿರಿ. ಹವಾ ಇಳಿಸಿ ಓಡಿಸುವವರು 0ಯಿಂದ 60ರವರೆಗೆ ತೋರಿಸುವ ಗೇಜ್ ತೆಗೆದುಕೊಳ್ಳುವುದು ಒಳ್ಳೆಯದು. ಲಾರಿ ಟಯರಿಗೆ ಮಾಡಿದ 200ರ ಗೇಜಿನಲ್ಲಿ 18ಕ್ಕೂ 22ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಅಂಕೋಲಾ, ಕಾರವಾರದ ಕಡೆ ಸಮುದ್ರ ಮಟ್ಟದಲ್ಲಿ ಹವಾ ನೋಡಿ ಅರಬೈಲ್ ಘಾಟ್ ಹತ್ತಿ ಹುಬ್ಬಳ್ಳಿಗೆ ಬಂದರೆ ಅದೇ ಉಷ್ಣತೆಯಲ್ಲೂ ಗೇಜ್ ಸುಮಾರು 1 ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಯಾಕೆಂದರೆ ಹುಬ್ಬಳ್ಳಿ ಆರುನೂರು ಮೀಟರಿಗೂ ಎತ್ತರದಲ್ಲಿದೆ, ಹೊರಗಿನ ವಾಯುಭಾರ ಕಡಿಮೆ. ಅದಕ್ಕಾಗಿ ಏನೂ ಮಾಡಬೇಕಾಗಿಲ್ಲ.

ಇನ್ನು ನೆಲದ ಮಾತು. ಹವಾ ಇಳಿಸಿದರೆ ಟಯರಿನ ಪಾದ, ಅಂದರೆ ನೆಲಕ್ಕೆ ತಾಗುವ ಭಾಗ, ಅಗಲವಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಗಲ ಸ್ವಲ್ಪ ಮಾತ್ರ ಹೆಚ್ಚುತ್ತದೆ, ಬೆಳೆಯುವುದು ಉದ್ದ. ಲೆಕ್ಕ ಸರಳ: ಗಾಲಿಯ ಮೇಲಿನ ಭಾರವನ್ನು ಒತ್ತಡದಿಂದ ಭಾಗಿಸಿದರೆ ಪಾದದ ವಿಸ್ತಾರ ಸಿಗುತ್ತದೆ. 550 ಕೆ.ಜಿ. ಭಾರಕ್ಕೆ 36 ಪಿಎಸ್‌ಐ ಇದ್ದರೆ ಸುಮಾರು 217 ಚದರ ಸೆಂಟಿಮೀಟರ್, 20ಕ್ಕೆ ಇಳಿಸಿದರೆ 390. ಬಿರುಸಾದ ಪಕ್ಕದ ಗೋಡೆ ತಾನೂ ಒಂದಿಷ್ಟು ಭಾರ ಹೊರುವುದರಿಂದ ಎಲ್‌ಟಿಯಲ್ಲಿ ನಿಜವಾದ ಪಾದ ಇದಕ್ಕಿಂತ ಕೊಂಚ ಚಿಕ್ಕದು. ಹಾಗಾಗಿ ಗೆಳೆಯರ ಮೆತ್ತನೆ ಟಯರ್ 20ರಲ್ಲಿ ಮಾಡುವ ಕೆಲಸಕ್ಕೆ ನಿಮ್ಮದು 18 ಕೇಳಬಹುದು. ಪಾದ ದೊಡ್ಡದಾದರೆ ನೆಲದ ಮೇಲಿನ ಒತ್ತು ಕಡಿಮೆಯಾಗುತ್ತದೆ, ಗಾಲಿ ಹುಗಿಯುವುದು ತಡವಾಗುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟಯರಿಗೆ ಹೊಲದ ಕೆಲಸದಲ್ಲಿ 12, 14 ಇಡುವುದೂ ಇದೇ ಕಾರಣಕ್ಕೆ.

ಗರಸಿನ ದಾರಿ, ಖಡಿ ಹಾಸಿದ ದಾರಿಗೆ ಹೆದ್ದಾರಿಯ ಸಂಖ್ಯೆಯ ಮುಕ್ಕಾಲಿಗಿಂತ ತುಸು ಹೆಚ್ಚು ಸಾಕು: ನಿಮಗೆ 28, ವೇಗ 60ರ ಮೇಲೆ ಹೋಗುವುದು ಬೇಡ. ಗದಗ ಸುತ್ತಲಿನ ಗಾಳಿಯಂತ್ರದ ಗುಡ್ಡಗಳ ದಾರಿ, ಹಾನಗಲ್ ಕಡೆಯ ಕೆಂಪು ಮಣ್ಣಿನ ದಾರಿಗಳೆಲ್ಲ ಈ ಗುಂಪಿಗೇ. 36ರಲ್ಲೇ ಹೋದರೆ ಗಟ್ಟಿ ಟಯರ್ ಚೂಪು ಕಲ್ಲಿನ ಮೇಲೆ ಬಗ್ಗದೆ ಕಚ್ಚಿಸಿಕೊಳ್ಳುತ್ತದೆ. 28ರಲ್ಲಿ ಕಲ್ಲನ್ನು ತಬ್ಬಿ ದಾಟುತ್ತದೆ. ಆದರೆ 22ಕ್ಕೆ ಇಳಿಸಿ ಅದೇ ದಾರಿಯಲ್ಲಿ ಓಡಿಸಿದರೆ ಪಕ್ಕದ ಗೋಡೆ ಹೊರಗೆ ಉಬ್ಬಿ ಕಲ್ಲಿಗೆ ಸಿಗುತ್ತದೆ, ಗುಂಡಿಗೆ ಬಿದ್ದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟಯರ್ ಜಜ್ಜಿ ಒಳಗಿನ ದಾರ ಹರಿಯುತ್ತದೆ. ಎರಡು ದಿನದ ಮೇಲೆ ಗೋಡೆಯಲ್ಲಿ ಗುಳ್ಳೆ ಏಳುವುದು ಇದರಿಂದಲೇ. ಗುಳ್ಳೆ ಬಂದ ಟಯರಿಗೆ ರಿಪೇರಿ ಇಲ್ಲ. ಕಪ್ಪತಗುಡ್ಡದ ಕಡೆ ಹೋಗುವವರಿಗೆ ಒಂದು ಮಾತು: ಅದು 2019ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗಾಡಿ ಒಳಗೆ ಒಯ್ಯುವಂತಿಲ್ಲ.

ಈಗ ಎರಿ ಹೊಲ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ, ಗೆಳೆಯರ 18ರ ಸಲಹೆ ಸಾಮಾನ್ಯವಾಗಿ ಎಡವುವುದೂ ಇಲ್ಲೇ. ಹವಾ ಇಳಿಸುವ ಬಗ್ಗೆ ಕೇಳಿ ಬರುವ ಬಹುಪಾಲು ಸಲಹೆ ಮರಳಿಗಾಗಿ ಹುಟ್ಟಿದ್ದು. ಮರಳು ಟಯರಿಗೆ ಅಂಟುವುದಿಲ್ಲ, ಎರಿ ಮಣ್ಣು ಅಂಟುತ್ತದೆ. ನಮ್ಮ ಕರಿ ಮಣ್ಣಿನ ಜೇಡಿ ನೀರು ಕುಡಿದು ಹಿಗ್ಗುವ ಜಾತಿಯದ್ದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟ ನೆಲ ಮಳೆಗೆ ಬೆಣ್ಣೆಯಾಗುತ್ತದೆ. ಗಾಲಿ ಎರಡು ಸುತ್ತು ತಿರುಗುವಷ್ಟರಲ್ಲಿ ಟಯರಿನ ಕಚ್ಚುಗಳೆಲ್ಲ ಮುಚ್ಚಿಹೋಗಿ ಅದು ಕಚ್ಚೇ ಇಲ್ಲದ ಬೋಳು ಟಯರಾಗುತ್ತದೆ. ಆಮೇಲೆ ನೀವು 36 ಇಟ್ಟರೂ 18 ಇಟ್ಟರೂ ಮಣ್ಣಿನ ಮೇಲೆ ಮಣ್ಣು ಜಾರುತ್ತಿರುತ್ತದೆ. ಹವಾ ಇಳಿಸಿದ್ದರಿಂದ ಹುಗಿಯುವುದು ಕಡಿಮೆಯಾಗುತ್ತದೆ, ಜಾರುವುದು ಕಡಿಮೆಯಾಗುವುದಿಲ್ಲ. ಈ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಆದ್ದರಿಂದ ಎರಿ ದಾರಿಯನ್ನು ಮೂರು ಬಗೆಯಾಗಿ ನೋಡಬೇಕು. ಒಣಗಿದ ಎರಿ ದಾರಿಯಲ್ಲಿ ಬಂಡಿ, ಟ್ರ್ಯಾಕ್ಟರಿನ ಜಾಡು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅಲ್ಲಿ 28, 30 ಇರಲಿ, ವೇಗ 30ರೊಳಗೆ. ಜಾಡಿನ ಅಂಚಿಗೆ ಟಯರಿನ ಗೋಡೆ ಉಜ್ಜದಂತೆ ಜಾಡಿನ ಮೇಲೆ ಹತ್ತಿ ಹೋಗಿ, ಒಳಗೆ ಇಳಿಯಬೇಡಿ. ಎರಡನೆಯದು ಮೊದಲ ಮಳೆ: ಮೇಲೆ ಎರಡು ಮೂರು ಬೆರಳು ರಾಡಿ, ಕೆಳಗೆ ಇನ್ನೂ ಗಟ್ಟಿ ನೆಲ. ಇಲ್ಲಿ ಅತಿಯಾಗಿ ಇಳಿಸುವುದು ಲಾಭವಲ್ಲ. ದೊಡ್ಡ ಪಾದ ರಾಡಿಯ ಮೇಲೆ ತೇಲುತ್ತದೆ, ಕಿರಿದಾದ ಪಾದ ರಾಡಿ ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. 26, 28ರಲ್ಲಿ ಇಟ್ಟು ಫೋರ್ ಹೈ (ನಾಲ್ಕೂ ಗಾಲಿಗೆ ಎಳೆತ ಕೊಡುವ ಗೇರ್) ಹಾಕಿ ನಿಧಾನಕ್ಕೆ, ಸ್ಟೇರಿಂಗ್ ಜರ್ಕ್ ಕೊಡದೆ ಹೋಗಿ. ಮೂರನೆಯದು ನಾಲ್ಕು ದಿನ ಮಳೆ ಹಿಡಿದ ಮೇಲಿನ ಹೊಲ: ಕೆಳಗೆ ಗಟ್ಟಿ ನೆಲವೇ ಇಲ್ಲ, ಗಾಲಿ ಹೋದಷ್ಟೂ ಹೋಗುತ್ತದೆ. 18, 20ಕ್ಕೆ ಇಳಿಸುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹವಾ ಕಡಿಮೆ ಇರುವ ಟಯರ್ ತಿರುಗುವಾಗ ಕಚ್ಚುಗಳು ಬಾಗಿ ಬಿಚ್ಚಿಕೊಂಡು ಸ್ವಲ್ಪ ಮಣ್ಣನ್ನು ಉದುರಿಸುವುದೂ ಉಂಟು. ಆದರೆ ಆಲ್ ಟೆರೇನ್ ಟಯರಿನ ಕಚ್ಚುಗಳ ನಡುವಿನ ಸಂದು ಈ ಮಣ್ಣಿಗೆ ಸಾಲದು. ಮಡ್ ಟಯರ್ ಇದ್ದವರಿಗೂ ಗಾಲಿ ಜೋರಾಗಿ ತಿರುಗಿಸಿದರಷ್ಟೇ ಮಣ್ಣು ಸಿಡಿಯುವುದು, ಜೋರಾಗಿ ತಿರುಗಿಸಿದರೆ ಗಾಡಿ ಆಕ್ಸಲ್‌ವರೆಗೆ ಕೂರುವುದು. ಹಾಗಾಗಿ ಅನಿವಾರ್ಯ ಅಲ್ಲದಿದ್ದರೆ ನೆಲ ಹದಕ್ಕೆ ಬರುವವರೆಗೆ ಗಾಡಿಯನ್ನು ಗಟ್ಟಿ ರಸ್ತೆಯ ಮೇಲೇ ಬಿಟ್ಟು ನಡೆದು ಹೋಗುವುದು ಒಳ್ಳೆಯದು. ಒದ್ದೆ ಎರಿಯಲ್ಲಿ ಮೂಡಿದ ಆಳದ ಜಾಡು ಒಣಗಿ ಮುಂದಿನ ಹಂಗಾಮಿನವರೆಗೂ ಎಲ್ಲರ ಚಕ್ಕಡಿಗೂ ತೊಂದರೆ ಕೊಡುತ್ತದೆ.

ಹೊಲದಲ್ಲಿ ಹವಾ ಇಳಿಸುವ ಮುಂಚೆ ನೆಲದ ಮೇಲೆ ಏನು ನಿಂತಿದೆ ನೋಡಿ. ಹತ್ತಿ ಕಟಗಿ, ತೊಗರಿ ಕಟಗಿಯನ್ನು ಕುಡುಗೋಲಿನಿಂದ ಓರೆಯಾಗಿ ಕೊಯ್ದಿರುತ್ತಾರೆ. ನೆಲದಿಂದ ನಾಲ್ಕು ಬೆರಳು ಎದ್ದು ನಿಂತ ಆ ಕೂಳೆ ಒಣಗಿದ ಮೇಲೆ ಗೂಟದಷ್ಟು ಗಟ್ಟಿ, ತುದಿ ಚೂಪು. 36ರ ಟಯರಿನಲ್ಲಿ ಅದು ತಾಗುವುದು ದಪ್ಪ ರಬ್ಬರಿರುವ ಅಡಿಗೆ. 18ರ ಟಯರಿನಲ್ಲಿ ಗೋಡೆ ಉಬ್ಬಿ ಕೆಳಗೆ ಇಳಿದಿರುವುದರಿಂದ ಅದು ನೇರ ಪಕ್ಕಕ್ಕೇ ಚುಚ್ಚುತ್ತದೆ. ಅಡಿಯಲ್ಲಾದ 6 ಮಿಲಿಮೀಟರ್‌ವರೆಗಿನ ತೂತಿಗೆ ಒಳಗಿನಿಂದ ಪ್ಯಾಚ್ ಹಾಕಿ ಸರಿಪಡಿಸಬಹುದು, ಗೋಡೆ ಸೀಳಿದರೆ ಟಯರ್ ಹೋಯಿತು. ಹಳ್ಳದ ದಂಡೆಯ ಬಳ್ಳಾರಿ ಜಾಲಿ ಮುಳ್ಳಿನದೂ ಇದೇ ಕಥೆ. ಕೂಳೆ ಇರುವ ಹೊಲದಲ್ಲಿ 28ರ ಕೆಳಗೆ ಹೋಗಲೇಬೇಡಿ.

ಮರಳಿನ ಮಾತು ಚಿಕ್ಕದು. ತುಂಗಭದ್ರಾ, ವರದಾ ದಂಡೆ, ಬೆಣ್ಣಿಹಳ್ಳದ ಒಣ ಪಾತ್ರದಂಥ ಕಡೆ ಹೋಗಬೇಕಾದರೆ 16ರಿಂದ 18. ಇಲ್ಲಿ ಗೆಳೆಯರ ಸಂಖ್ಯೆ ಸರಿ. ವೇಗ 20ರೊಳಗೆ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಗ್ಯಾಸ್ ಕೊಡುವುದು ಬೇಡ, ಟಯರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. 15ರ ಕೆಳಗೆ ಇಳಿಸುವುದು ಹುಗಿದ ಗಾಡಿಯನ್ನು ಹೊರಗೆ ತೆಗೆಯುವುದಕ್ಕೆ ಮಾತ್ರ, ಅದೂ ನಡಿಗೆಯ ವೇಗದಲ್ಲಿ. ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿ ಹರಿಯುವಾಗ ಯಾವ ಒತ್ತಡವೂ ಕಾಪಾಡುವುದಿಲ್ಲ. ನೀರು ಗಾಡಿಯನ್ನು ಎತ್ತುತ್ತದೆ, ಗಾಲಿಗೆ ನೆಲವೇ ಸಿಗುವುದಿಲ್ಲ. ಇಳಿಯಬೇಡಿ.

ಮಳೆಗಾಲಕ್ಕೆ "ಹಿಡಿತ ಬರಲಿ" ಅಂತ ಡಾಂಬರು ರಸ್ತೆಗೂ ಹವಾ ಕಡಿಮೆ ಮಾಡುವವರಿದ್ದಾರೆ. ಇದು ಅಪಾಯದ ನಂಬಿಕೆ. ರಸ್ತೆಯ ಮೇಲೆ ನೀರು ನಿಂತಾಗ ಟಯರ್ ಒಂದು ವೇಗ ದಾಟಿದ ಮೇಲೆ ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗೂ ಬ್ರೇಕೂ ಕೇಳುವುದಿಲ್ಲ. ಆ ವೇಗ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ ಅಂತ 1963ರಲ್ಲಿ ನಾಸಾ ಸಂಶೋಧಕರು ವಿಮಾನದ ಟಯರುಗಳ ಪ್ರಯೋಗದಿಂದ ಸೂತ್ರ ಕೊಟ್ಟರು. ಅದರ ಪ್ರಕಾರ 36 ಪಿಎಸ್‌ಐಗೆ ಸುಮಾರು 100 ಕಿ.ಮೀ., 25ಕ್ಕೆ 83, 20ಕ್ಕೆ ಸುಮಾರು 75. ಕಚ್ಚು ಚೆನ್ನಾಗಿರುವ ಟಯರಿಗೆ, ತೆಳ್ಳನೆ ನೀರಿಗೆ ಮಿತಿ ಇದಕ್ಕಿಂತ ಮೇಲಿರುತ್ತದೆ, ಸವೆದ ಟಯರಿಗೆ ಆ ರಕ್ಷಣೆ ಇಲ್ಲ. ಹೊಲದಿಂದ ಬಂದು ಹವಾ ತುಂಬಿಸದೆ ಹುಬ್ಬಳ್ಳಿ ರಸ್ತೆ ಹಿಡಿಯುವವರು ಜುಲೈ ತಿಂಗಳಲ್ಲಿ ಎರಡು ತಪ್ಪನ್ನು ಒಟ್ಟಿಗೆ ಮಾಡುತ್ತಾರೆ: ಟಯರ್ ಮಡಚಿ ಕಾಯುತ್ತಿರುತ್ತದೆ, ನೀರು ಕಂಡಲ್ಲಿ ಬೇಗ ತೇಲುತ್ತದೆ.

ಆದ್ದರಿಂದ ಹವಾ ಇಳಿಸುವ ಮುಂಚೆ ಮತ್ತೆ ತುಂಬುವ ದಾರಿ ಕೈಯಲ್ಲಿರಬೇಕು. ನಿಮ್ಮ ಅಳತೆಯ ಟಯರನ್ನು 18ರಿಂದ 36ಕ್ಕೆ ತರಲು ಹೊರಗಿನ ಗಾಳಿ ಸುಮಾರು 70, 75 ಲೀಟರ್ ಬೇಕು. 12 ವೋಲ್ಟಿನ ಕಂಪ್ರೆಸರ್ ಕೊಳ್ಳುವಾಗ ಡಬ್ಬಿಯ ಮೇಲಿನ "150 ಪಿಎಸ್‌ಐ" ನೋಡಬೇಡಿ, ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ ನೋಡಿ. ಒತ್ತಡ ಇರುವಾಗ ನಿಜಕ್ಕೂ 30 ಲೀಟರ್ ಕೊಡುವ ಯಂತ್ರ ನಾಲ್ಕೂ ಗಾಲಿಯನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತದೆ. ಹತ್ತು ಲೀಟರಿನದು ಅರ್ಧ ತಾಸು ಹಿಡಿಯುತ್ತದೆ, ನಡುವೆ ಕಾದು ನಿಲ್ಲುತ್ತದೆ. ದೊಡ್ಡ ಕಂಪ್ರೆಸರನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಫ್ಯೂಸ್ ಹೋಗುತ್ತದೆ. ಎಂಜಿನ್ ಚಾಲೂ ಇಟ್ಟು ಬ್ಯಾಟರಿಗೇ ಕ್ಲಿಪ್ ಹಚ್ಚಿ. ಕಂಪ್ರೆಸರ್ ಇಲ್ಲದವರು ಹತ್ತಿರದ ಪಂಪ್ ಹತ್ತು ಕಿಲೋಮೀಟರಿಗಿಂತ ದೂರ ಇದ್ದರೆ 26ರ ಕೆಳಗೆ ಇಳಿಸಬೇಡಿ, 26ರಲ್ಲಿ ಪಂಪಿನವರೆಗೆ 40ರ ವೇಗದಲ್ಲಿ ಬನ್ನಿ. ಗಾಡಿಯಲ್ಲಿ ಒತ್ತಡದ ಎಚ್ಚರಿಕೆ ದೀಪ ಇದ್ದರೆ ಇಳಿಸಿದಾಗ ಹತ್ತುವುದು ಸಹಜ. ತುಂಬಿದ ಮೇಲೂ ಹತ್ತಿಯೇ ಇದ್ದರೆ ಮೊದಲು ಗೇಜ್ ಹಚ್ಚಿ ನೋಡಿ, ಆಮೇಲೆ ರಿಸೆಟ್ ಮಾಡಿ.

ನೈಟ್ರೋಜನ್ ಬೇಕೇ ಅಂತ ಅನೇಕರು ಕೇಳುತ್ತಾರೆ. ಸಾದಾ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ. ಹವಾ ಏರಿಸಿ ಇಳಿಸಿ ಮಾಡುವ ನಿಮಗೆ ಅದಕ್ಕೆ ದುಡ್ಡು ಕೊಡುವ ಅಗತ್ಯವಿಲ್ಲ.

ಫೋರ್ ವೀಲ್ ಡ್ರೈವ್ ಅನ್ನುವ ಕಾರಣಕ್ಕೆ ಗಮನಿಸಬೇಕಾದದ್ದು ಒಂದಿದೆ. ನಿಮ್ಮ ಗಾಡಿಯಲ್ಲಿ ಫೋರ್ ಹೈ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ನಡುವೆ ಡಿಫರೆನ್ಷಿಯಲ್ (ಎರಡೂ ಕಡೆಯ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇಲ್ಲ. ಆಗ ನಾಲ್ಕೂ ಟಯರಿನ ಸುತ್ತಳತೆ ಒಂದೇ ಇರಬೇಕು. ಮುಂದೆ 36, ಹಿಂದೆ 40 ಇದ್ದರೆ ತೊಂದರೆ ಇಲ್ಲ, ರೇಡಿಯಲ್ ಟಯರಿನ ಒಳಗಿನ ಉಕ್ಕಿನ ಪಟ್ಟಿ ಹಿಗ್ಗುವುದಿಲ್ಲವಾದ್ದರಿಂದ ಸುತ್ತಳತೆ ಬದಲಾಗುವುದು ಅತ್ಯಲ್ಪ. ತೊಂದರೆ ಕೊಡುವುದು ಸವೆದ ಮೂರರ ಜೊತೆ ಹೊಸ ಸ್ಟೆಪ್ನಿ ಸೇರಿಸಿದಾಗ. ಒಣ ಡಾಂಬರಿನಲ್ಲಿ ಫೋರ್ ಹೈ ಹಾಕಿದರೆ ಗೇರ್ ಬಿಗಿದು ಲಿವರ್ ತೆಗೆಯಲೂ ಬರುವುದಿಲ್ಲ. ಎಡ ಬಲ ಗಾಲಿಗಳ ನಡುವೆ 1 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರದಂತೆ ನೋಡಿಕೊಳ್ಳಿ. ಸ್ಟೆಪ್ನಿಯನ್ನೂ ಸರದಿಯಲ್ಲಿ ಸೇರಿಸಿ ಐದೂ ಟಯರನ್ನು 8,000 ಕಿಲೋಮೀಟರಿಗೊಮ್ಮೆ ಅದಲು ಬದಲು ಮಾಡಿ, ಆಗ ಐದೂ ಸಮ ಸವೆಯುತ್ತವೆ. ಸ್ಟೆಪ್ನಿಗೆ 42 ಹಾಕಿಡಿ. ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗೇ ಇಳಿಯುತ್ತದೆ, ಬೇಕಾದಾಗ ಕಡಿಮೆ ಮಾಡುವುದು ಸುಲಭ. ಹೀಗೆ ಅದಲು ಬದಲು ಮಾಡುವಾಗಲೇ ಅಡಿಯ ಕಚ್ಚಿನ ಆಳವನ್ನು ನಡುವೆ ಮತ್ತು ಎರಡೂ ಅಂಚಿಗೆ ಅಳೆಯಿರಿ. ನಡು ಹೆಚ್ಚು ಸವೆದಿದ್ದರೆ ಹವಾ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಕಡಿಮೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್. 1.6 ಮಿಲಿಮೀಟರ್ ಕಾನೂನಿನ ಕನಿಷ್ಠ. ಮಳೆಗಾಲಕ್ಕೆ 3 ಮಿಲಿಮೀಟರಿಗೇ ಬದಲಿಸುವುದು ನಮ್ಮ ಸಲಹೆ.

ಕೊನೆಗೆ, ಎರಿ ಹೊಲದಿಂದ ಬಂದ ಗಾಡಿ 60, 80ರ ವೇಗದಲ್ಲಿ ನಡುಗತೊಡಗಿದರೆ ಹವಾ ಏರಿಸಿ ಇಳಿಸಿ ಒದ್ದಾಡಬೇಡಿ, ಬ್ಯಾಲೆನ್ಸಿಂಗಿಗೂ ಓಡಬೇಡಿ. ಗಾಲಿಯ ಒಳಮೈಗೆ ಕೈ ಹಾಕಿ ನೋಡಿ: ರಿಮ್ಮಿನ ಒಳಗೆ ಒಂದು ಕಡೆ ಮಣ್ಣು ಮೆತ್ತಿ ಒಣಗಿ ಹೆಂಟೆಯಾಗಿರುತ್ತದೆ, ಅರ್ಧ ಕೆ.ಜಿ. ತೂಗಿದರೂ ಆಶ್ಚರ್ಯವಿಲ್ಲ. ಬ್ಯಾಲೆನ್ಸಿಂಗಿಗೆ ಹಚ್ಚುವ ಸೀಸ ಕೆಲವೇ ಹತ್ತು ಗ್ರಾಂ. ಒಣ ಮಣ್ಣನ್ನು ಕೆರೆಯುವ ಬದಲು ಹತ್ತು ನಿಮಿಷ ನೀರು ಬಿಟ್ಟು ನೆನೆಸಿ, ಕಟ್ಟಿಗೆಯ ಚಕ್ಕೆಯಿಂದ ತೆಗೆಯಿರಿ. ವಾಲ್ವಿನ ಬಾಯಿಯಲ್ಲಿ ಕೂತ ಮಣ್ಣನ್ನು ಒರೆಸಿ, ಕ್ಯಾಪ್ ಹಾಕಿ. ಕ್ಯಾಪ್ ಇಲ್ಲದ ವಾಲ್ವಿಗೆ ಗೇಜ್ ಒತ್ತಿದರೆ ಆ ಮಣ್ಣಿನ ಕಣವೇ ಪಿನ್ನಿನಲ್ಲಿ ಸಿಕ್ಕಿಕೊಂಡು ರಾತ್ರಿಯೆಲ್ಲ ಹವಾ ಸೋರುತ್ತದೆ.